ಅಮೆರಿಕದಲ್ಲಿ ಮೊದಲ ಬೋಲ್ಟ್ ಆ್ಯಕ್ಷನ್ ರೈಫಲ್: ತುಮಕೂರು ಕಡೆಯಿಂದ ಬಂದವರಿಗೆ

ನಮ್ಮ ತುಮಕೂರು ಕಡೆ ಬಂದೂಕು ಅಂದರೆ ತೋಟದ ಮನೆಯಲ್ಲಿ ಇರುತ್ತಿದ್ದ ಜೋಡು ನಳಿಗೆಯ ಕೋವಿ. ಲೈಸೆನ್ಸಿಗೆ ಡಿಸಿ ಆಫೀಸಿಗೆ ಅಲೆದಾಟ, ಎಲೆಕ್ಷನ್ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ಇಸ್ಕೊಂಡು ಬರುವುದು, ಇಷ್ಟು ಎಲ್ಲರಿಗೂ ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತೇ ಇಲ್ಲ. ಪಾವಗಡ, ಶಿರಾ ಕಡೆ ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೂ ಸಾಮಾನ್ಯವಾಗಿ ತಮಟೆ, ಪಟಾಕಿಯಲ್ಲೇ ಓಡಿಸಬೇಕು.

ಅಲ್ಲಿಂದ ಟೆಕ್ಸಾಸಿಗೆ ಬಂದವರಿಗೆ ಇಲ್ಲಿನ ಅಂಗಡಿ ನೋಡಿದರೆ ತಲೆ ತಿರುಗುತ್ತದೆ. ಒಂದು ಕಡೆ ಡೇರೆ, ಮೀನಿನ ಗಾಳ. ಪಕ್ಕದಲ್ಲೇ ಸಾಲಾಗಿ ಬೋಲ್ಟ್ ಆ್ಯಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ರೈಫಲ್. ದುಡ್ಡು ಕೊಟ್ಟರೆ ಆಯ್ತು ಅನ್ನಿಸುತ್ತದೆ. ಹಾಗಿಲ್ಲ. ಕ್ಯಾಲಿಬರ್ (ಗುಂಡಿನ ಅಳತೆ) ಯಾವುದು, ಸ್ಕೋಪ್ (ಗುರಿ ನೋಡುವ ದುರ್ಬೀನು) ಯಾವುದು ಎಂದು ಕೇಳುವ ಮೊದಲು ನಿಮ್ಮ ವೀಸಾ ಯಾವುದು ಅನ್ನೋದನ್ನು ನೋಡಿ.

ಗ್ರೀನ್ ಕಾರ್ಡ್ ಇದ್ದವರಿಗೆ ಫೆಡರಲ್ ಕಾನೂನಿನ ಅಡ್ಡಿ ಇಲ್ಲ. ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಬೇಕು, ಅವರು ಎಫ್‌ಬಿಐ ವ್ಯವಸ್ಥೆಯಲ್ಲಿ ನಿಮ್ಮ ಹಿನ್ನೆಲೆ ನೋಡುತ್ತಾರೆ. ಮನೆ ಬದಲಾಯಿಸುತ್ತಲೇ ಇರುವ ನಮ್ಮವರು ಇಲ್ಲಿ ಒಂದು ವಿಷಯಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೆ ಅಪಾರ್ಟ್‌ಮೆಂಟಿನ ವಿಳಾಸ ಇದ್ದರೆ ಅದೊಂದೇ ಸಾಲದು. ಈಗಿನ ವಿಳಾಸ ಇರುವ ಇನ್ನೊಂದು ಸರ್ಕಾರಿ ಕಾಗದ, ಉದಾಹರಣೆಗೆ ಕಾರಿನ ರಿಜಿಸ್ಟ್ರೇಷನ್, ಜೊತೆಗಿರಲಿ.

ಎಚ್‌-1ಬಿ (ಕೆಲಸದ ವೀಸಾ), ಎಚ್‌-4 (ಅವರ ಕುಟುಂಬದ್ದು), ಎಫ್‌-1ನಲ್ಲಿ (ವಿದ್ಯಾರ್ಥಿಗಳದ್ದು) ಇರುವವರು ಮಾತ್ರ ತುಂಬಾ ಹುಷಾರಾಗಿರಬೇಕು. ಈ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗೆಳೆಯರ ಜೊತೆ ರೇಂಜಿಗೆ ಹೋಗಿ ಸುಮ್ನೆ ಒಂದೆರಡು ಗುಂಡು ಹಾರಿಸುವುದೂ ಇದರಲ್ಲೇ ಬರುತ್ತದೆ. ಒಂದು ವಿನಾಯಿತಿ ಇದೆ: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಟೆಕ್ಸಾಸಿನಲ್ಲಿ ಖಾಸಗಿ ಜಮೀನಿನ ಕಾಡುಹಂದಿ ಹೊಡೆಯಲು, ಜಮೀನಿನವರು ಒಪ್ಪಿದ್ದರೆ, ಲೈಸೆನ್ಸೇ ಬೇಡ ಎಂದು 2019ರಿಂದ ರಾಜ್ಯದ ಕಾನೂನು ಹೇಳುತ್ತದೆ. ಅದನ್ನು ಓದಿ ‘ಹಾಗಾದರೆ ನನಗೂ ಬೇಡ’ ಅಂದುಕೊಂಡರೆ ಕೆಟ್ಟಿರಿ. ರಾಜ್ಯಕ್ಕೆ ಬೇಡದಿದ್ದರೂ ನಿಮ್ಮ ವೀಸಾಕ್ಕೆ ಅದು ಬೇಕೇ ಬೇಕು. ಟೆಕ್ಸಾಸಿನ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸದು ಮಾಡಿಸದೆ ಸೆಪ್ಟೆಂಬರ್ 1ಕ್ಕೆ ರೈಫಲ್ ಮನೆಯಲ್ಲಿದ್ದರೆ ಆ ವಿನಾಯಿತಿಯೂ ಹೋಯಿತು. 25 ಡಾಲರಿನ ಆ ಕಾಗದವನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಶಿಕಾರಿಗೆ ಹಂಟರ್ ಎಜುಕೇಷನ್ ಕೋರ್ಸ್ ಕೂಡ ಮಾಡಿರಬೇಕು.

‘ನಿನ್ನ ಗ್ರೀನ್ ಕಾರ್ಡಿನಲ್ಲಿ ನನಗೊಂದು ತೆಗೆದುಕೊಡು’ ಎಂದು ಯಾರಾದರೂ ಕೇಳಿದರೆ ಸ್ನೇಹ ಕೆಟ್ಟರೂ ಸರಿ, ಆಗಲ್ಲ ಅನ್ನಿ. ಬಂದೂಕು ಇಟ್ಟುಕೊಳ್ಳುವಂತಿಲ್ಲದವರಿಗಾಗಿ ನಿಮ್ಮ ಹೆಸರಲ್ಲಿ ಕೊಳ್ಳುವುದಕ್ಕೆ 2022ರ ಕಾನೂನಿನಲ್ಲಿ 15 ವರ್ಷದವರೆಗೆ ಜೈಲು. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಹಾಕಬಹುದು.

ಈಗ ಕ್ಯಾಲಿಬರ್. ಇಲ್ಲೂ ಮೊದಲ ಮಾತು ರಾಜ್ಯದ್ದೇ. ಟೆಕ್ಸಾಸಿನಲ್ಲಿ ಜಿಂಕೆಗೆ .22 ರಿಮ್‌ಫೈರ್ (ಬುಡದ ಅಂಚಿಗೆ ಪೆಟ್ಟು ಬೀಳುವ ಸಣ್ಣ ತೋಟಾ) ಬಳಸುವಂತಿಲ್ಲ, ಸೆಂಟರ್‌ಫೈರ್ (ಬುಡದ ನಡುವೆ ಪೆಟ್ಟು ಬೀಳುವುದು) ಆದರೆ ಸಾಕು. ಕೊಲರಾಡೋದಲ್ಲಿ ಕನಿಷ್ಠ .24 ಇಂಚಿನ ಗುಂಡು ಬೇಕು. ಒಹಾಯೊದಲ್ಲಿ ಜಿಂಕೆಗೆ .357ರಿಂದ .50ರ ಒಳಗಿನ, ನೇರ ಗೋಡೆಯ (ಮೂತಿಯ ಹತ್ತಿರ ಕಿರಿದಾಗದ) ತೋಟಾದ ರೈಫಲ್ ಮಾತ್ರ. ಕೊಲಂಬಸ್‌ನಲ್ಲಿ ಇರುವವರು ಯೂಟ್ಯೂಬ್ ನೋಡಿ 6.5 ಕ್ರೀಡ್‌ಮೋರ್ ತಂದರೆ ಜಿಂಕೆ ಸೀಸನ್ನಿನಲ್ಲಿ ಅದು ಮನೆಯಲ್ಲೇ ಇರಬೇಕಾಗುತ್ತದೆ. ಅವರಿಗೆ 2019ರಲ್ಲಿ ಬಂದ .350 ಲೆಜೆಂಡ್ ಸರಿ, ಹೆಗಲಿಗೆ ಬೀಳುವ ಒದೆತವೂ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಶಿಕಾರಿಗೆ ಸೀಸದ ಗುಂಡು ಬಳಸುವ ಹಾಗಿಲ್ಲ. ತಾಮ್ರದ ಗುಂಡಿಗೆ ದುಡ್ಡು ಜಾಸ್ತಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ರಾಜ್ಯದ ಅಡ್ಡಿ ಇಲ್ಲದಿದ್ದರೆ ಆಮೇಲಿನ ಮಾತು ನಿಮ್ಮ ಹೆಗಲಿನದು. ಬಂದೂಕು ಹಿಡಿದೇ ಗೊತ್ತಿಲ್ಲದವರು .30-06 ಅಥವಾ ಮ್ಯಾಗ್ನಮ್‌ನಂಥ ಜೋರು ತೋಟಾದ ರೈಫಲ್ ತಂದರೆ ನಾಲ್ಕನೇ ಗುಂಡಿಗೇ ಟ್ರಿಗರ್ ಎಳೆಯುವ ಮುಂಚೆ ಕಣ್ಣು ಮುಚ್ಚುತ್ತಾರೆ. ಒಮ್ಮೆ ಆ ಅಭ್ಯಾಸ ಅಂಟಿದರೆ ಬಿಡಿಸುವುದು ಕಷ್ಟ. .243 ವಿಂಚೆಸ್ಟರ್‌ನ ಒದೆತ .308ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಜಿಂಕೆಗೆ ಧಾರಾಳ ಸಾಕು. ಸಣ್ಣ ಮೈಕಟ್ಟಿನವರು ಧೈರ್ಯವಾಗಿ ತೆಗೆದುಕೊಳ್ಳಿ. ದೊಡ್ಡ ಹಂದಿಯೂ ಬೇಕು, ಹಳ್ಳಿ ಅಂಗಡಿಯಲ್ಲೂ ತೋಟಾ ಸಿಗಬೇಕು ಅಂದರೆ .308. ಇವೆರಡರ ನಡುವೆ 6.5 ಕ್ರೀಡ್‌ಮೋರ್. 2007ರಲ್ಲಿ ಬಂದದ್ದು, ಹದವಾದ ಒದೆತ, ಗಾಳಿಗೆ ಗುಂಡು ಅಷ್ಟು ಅಲುಗುವುದಿಲ್ಲ. ಒಂದೇ ರೈಫಲ್ ಕೊಳ್ಳುವ ಹೊಸಬರಿಗೆ ನಾನು ಹೇಳುವುದು ಇದನ್ನೇ.

ರೈಫಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ಯಾವೇಜ್ ಆ್ಯಕ್ಸಿಸ್, ರೂಗರ್ ಅಮೆರಿಕನ್, ಮಾಸ್‌ಬರ್ಗ್ ಪೇಟ್ರಿಯಟ್, ಮೂರೂ ಕಡಿಮೆ ಬೆಲೆಯವೇ. ಹಿಡಿ ಪ್ಲಾಸ್ಟಿಕ್, ಬೋಲ್ಟ್ ಸ್ವಲ್ಪ ಒರಟು, ಆದರೆ ಹೊಡೆತ ನೇರ. ನಿಮ್ಮ ಗುರಿಗಿಂತ ಅವುಗಳ ಗುರಿ ಚೆನ್ನಾಗಿರುತ್ತದೆ. ಕೊಳ್ಳುವಾಗ ಹೆಗಲಿಗೆ ಇಟ್ಟು ನೋಡಿ, ಕೆನ್ನೆ ಹಿಡಿಯ ಮೇಲೆ ತಾನಾಗಿ ಕೂತರೆ ಅದೇ ನಿಮ್ಮದು. ನಳಿಗೆಯ ಮೇಲೆ ಕೊರೆದಿರುವ ಕ್ಯಾಲಿಬರ್ ಹೆಸರು, ತೋಟಾ ಡಬ್ಬಿಯ ಮೇಲಿನ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. .308, .30-06 ಎರಡಕ್ಕೂ ಗುಂಡಿನ ಗಾತ್ರ ಒಂದೇ, ತೋಟಾ ಮಾತ್ರ ಬೇರೆ.

ಉಳಿದ ದುಡ್ಡನ್ನು ಸ್ಕೋಪಿಗೆ ಹಾಕಿ. ರೈಫಲ್ ಜೊತೆಗೇ ಸ್ಕೋಪ್ ಕೂರಿಸಿ ಕೊಡುವ ಪ್ಯಾಕೇಜ್ ಅಗ್ಗ ನಿಜ, ಆದರೆ ಆ ಗಾಜು ಸಂಜೆ ಹೊತ್ತಿಗೆ ಮಂಕಾಗುತ್ತದೆ. ಟೆಕ್ಸಾಸಿನಲ್ಲಿ ಜಿಂಕೆಗೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ, ಮುಳುಗಿದ ಅರ್ಧ ಗಂಟೆಯವರೆಗೆ ಅವಕಾಶ. ಪ್ರಾಣಿಗಳು ಹೊರಬರುವುದೂ ಆ ಮಬ್ಬಿನಲ್ಲೇ ಅಲ್ವಾ? ಹಾಗಾಗಿ ಗಾಜಿನ ಸ್ವಚ್ಛತೆ ಮುಖ್ಯ. 24 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ ಯಾಕೂ ಬೇಕಿಲ್ಲ. 3-9x40 ಸಾಕು. ಅಂದರೆ 3ರಿಂದ 9 ಪಟ್ಟು, ಮುಂದಿನ ಗಾಜು 40 ಮಿಲಿಮೀಟರ್. 40ನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 9ರಲ್ಲಿ 4.4 ಮಿಲಿಮೀಟರ್, 6ರಲ್ಲಿ 6.7. ಕತ್ತಲಾಗುತ್ತಿದ್ದರೆ ಪಟ್ಟು ಇಳಿಸಿ, ಚಿತ್ರ ಬೆಳಗುತ್ತದೆ. ಲಿಯೂಪೋಲ್ಡ್ ವಿಎಕ್ಸ್-ಫ್ರೀಡಂ, ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಈ ಲೆಕ್ಕಕ್ಕೆ ಒಗ್ಗುತ್ತವೆ. ಒಳಗಿನ ಗುರಿಗೆರೆ ಸಾದಾ ಡುಪ್ಲೆಕ್ಸ್ (ನಡುವೆ ತೆಳುವಾಗುವ ಕೂಡುಗೆರೆ) ಇರಲಿ. ನೂರಾರು ಗೀಟು ಇರುವುದು ಹೊಸಬರಿಗೆ ಗೊಂದಲ.

ಕೂರಿಸುವಾಗ ಆತುರ ಬೇಡ. ರೈಫಲ್ ಖಾಲಿ ಇದೆಯೇ ಎಂದು ಬೋಲ್ಟ್ ತೆಗೆದು, ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿ. ಆಮೇಲೆ ಸ್ಕೋಪನ್ನು ಹಿಡಿದಿಡುವ ರಿಂಗುಗಳನ್ನು ಸಡಿಲ ಬಿಟ್ಟು, ಪಟ್ಟನ್ನು 9ಕ್ಕೆ ಇಟ್ಟು, ಕಣ್ಣು ಮುಚ್ಚಿ ಹೆಗಲಿಗೇರಿಸಿ. ಕಣ್ಣು ತೆರೆದಾಗ ಸುತ್ತಲೂ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕಣ್ಣಿಗೂ ಸ್ಕೋಪಿಗೂ ಸುಮಾರು ಮೂರೂವರೆ ಇಂಚು ಇರಬೇಕು. ಹತ್ತಿರವಾದರೆ ಒದೆತಕ್ಕೆ ಹುಬ್ಬು ಒಡೆಯುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಗುರಿ ಹೊಂದಿಸಲು ಮೊದಲು 25 ಗಜ, ಆಮೇಲೆ 100 ಗಜ. ಇಂಥ ಸ್ಕೋಪಿನ ತಿರುಗಣೆಯ ಒಂದು ಕ್ಲಿಕ್ ಸಾಮಾನ್ಯವಾಗಿ 100 ಗಜಕ್ಕೆ ಕಾಲು ಇಂಚು ಸರಿಸುತ್ತದೆ. ಅಲ್ಲಿ ಮೂರು ಇಂಚು ಕೆಳಗೆ ಬಿದ್ದರೆ 12 ಕ್ಲಿಕ್ ಮೇಲಕ್ಕೆ. 25 ಗಜದಲ್ಲಿ ಒಂದು ಇಂಚು ಕೆಳಗಿದ್ದರೆ 16 ಕ್ಲಿಕ್. ಒಂದೇ ಗುಂಡು ನೋಡಿ ತಿರುಗಿಸಬೇಡಿ. ಮೂರು ಹೊಡೆದು, ಮೂರರ ನಡುವಿನ ಜಾಗ ನೋಡಿ. .308ರ ಒಂದು ತೋಟಾಕ್ಕೆ ಒಂದು ಡಾಲರ್ ಮೇಲಾಗುತ್ತದೆ, .22ಕ್ಕೆ ಹತ್ತು ಸೆಂಟ್ ಆಸುಪಾಸು. ಕೈ ಪಳಗಿಸಲು ಒಂದು .22 ಬೋಲ್ಟ್ ಆ್ಯಕ್ಷನ್ ಇಟ್ಟುಕೊಂಡರೆ ಅದು ಉಳಿತಾಯವೇ.

ಮನೆಯಲ್ಲಿ ಮಕ್ಕಳಿದ್ದರೆ ರೈಫಲ್ ಬೀಗದ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಬೀಗದಲ್ಲಿ. ನಿಮ್ಮ ಅಜಾಗರೂಕತೆಯಿಂದ ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನವರ ಕೈಗೆ ಸಿಕ್ಕರೆ ಟೆಕ್ಸಾಸಿನಲ್ಲಿ ಅದು ಅಪರಾಧ.

ಊರಿಗೆ ಹೊರಡುವಾಗ ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಜಾಕೆಟ್ಟಿನ ಜೇಬು, ಚೀಲದ ಒಳಪದರ ಎಲ್ಲ ತಡಕಿ ನೋಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟಾ ಸಿಕ್ಕರೂ ಕೇಸು. ಅಮೆರಿಕದ ಕಾಗದ ಅಲ್ಲಿ ನಡೆಯುವುದಿಲ್ಲ. ವಾಪಸ್ ಬರುವಾಗ ಬೆಂಗಳೂರು ಏರ್‌ಪೋರ್ಟಿನ ಎಕ್ಸ್‌ರೇಯಲ್ಲಿ ಅದು ಕಂಡರೆ ವಿಮಾನ ತಪ್ಪುತ್ತದೆ. ಆಮೇಲೆ ತುಮಕೂರಿನಿಂದ ಅಪ್ಪ ಅಮ್ಮ ವಕೀಲರನ್ನು ಕರೆದುಕೊಂಡು ಓಡಿ ಬರಬೇಕಾಗುತ್ತದೆ.