ಬೇವಿನ ಬೀಜದ ಕಷಾಯ: ಕುದಿಸಬೇಡಿ, ನೆನೆಸಿ

"ಬೇವು ಹೊಡೆದೆ, ಒಂದು ಹುಳವೂ ಸಾಯಲಿಲ್ಲ" ಎನ್ನುವವರನ್ನು ಸ್ವಲ್ಪ ವಿಚಾರಿಸಿ ನೋಡಿ. ಬೇವಿನ ಎಲೆ ಕುದಿಸಿರುತ್ತಾರೆ. ಮಟಮಟ ಮಧ್ಯಾಹ್ನ ಸಿಂಪಡಿಸಿರುತ್ತಾರೆ. ಮರುದಿನ ಬೆಳಿಗ್ಗೆಯೇ ಸತ್ತ ಹುಳ ಎಣಿಸಲು ಹೋಗಿರುತ್ತಾರೆ. ಮೂರೂ ತಪ್ಪು.

ಕೊನೆಯ ತಪ್ಪನ್ನು ಮೊದಲು ನೋಡೋಣ. 1959ರಲ್ಲಿ ಸುಡಾನ್‌ನಲ್ಲಿ ಮಿಡತೆ ದಂಡು ಸುತ್ತಲಿನ ಹಸಿರನ್ನೆಲ್ಲ ಬೋಳಿಸಿದಾಗ ಬೇವಿನ ಮರಗಳು ಮಾತ್ರ ಹಾಗೇ ಉಳಿದಿದ್ದವು. ಜರ್ಮನಿಯ ಕೀಟತಜ್ಞ ಹೈನ್ರಿಶ್ ಶ್ಮುಟ್ಟರರ್ ಅದನ್ನು ಗಮನಿಸಿದರು. ಮಿಡತೆ ಸತ್ತಿರಲಿಲ್ಲ, ತಿನ್ನದೆ ಬಿಟ್ಟಿತ್ತು ಅಷ್ಟೇ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಮಾಡುವ ಕೆಲಸವೂ ಹೀಗೆಯೇ. ಅದು ಬಿದ್ದ ಎಲೆ ಹುಳಕ್ಕೆ ಸೇರುವುದಿಲ್ಲ. ಹಾಗೂ ತಿಂದರೆ ಮರಿಹುಳಕ್ಕೆ ಪೊರೆ ಕಳಚಲಾಗದು, ಬೆಳೆಯದೆ ಸೊರಗುತ್ತದೆ. ಇದಕ್ಕೆಲ್ಲ ನಾಲ್ಕೈದು ದಿನ ಬೇಕು. ಹುಳ ಇನ್ನೂ ಗಿಡದ ಮೇಲಿದೆ ಅಂತ ಗಾಬರಿಯಾಗಬೇಡಿ, ಹೊಸ ಎಲೆಗೆ ತೂತು ಬೀಳುತ್ತಿದೆಯೇ ಅಂತ ನೋಡಿ.

ಗಿಡದ ಹೇನು, ಜಿಗಿಹುಳು, ಬಿಳಿನೊಣ, ಎಲೆ ತಿನ್ನುವ ಮರಿಹುಳಗಳಿಗೆ ಈ ಕಷಾಯ ಸರಿ. ಬಲಿತು ದಪ್ಪವಾದ ಹುಳಕ್ಕೂ ಕಾಯಿಯೊಳಗೆ ಹೊಕ್ಕ ಕೊರಕಕ್ಕೂ ಅಲ್ಲ. ಅಂಥ ಹುಳವನ್ನು ಕೈಯಲ್ಲಿ ಆರಿಸಿ, ತೂತು ಬಿದ್ದ ಕಾಯಿಯನ್ನು ಕಿತ್ತು ನಾಶ ಮಾಡಿ.

ಈಗ ಬೀಜ. ಹಣ್ಣಾಗಿ ಉದುರಿದ್ದನ್ನು ಆರಿಸಿ, ಹಣ್ಣಿನ ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಬೀಜವನ್ನು ಎಸೆಯಿರಿ, ಒಣಗಿಸಿ ಬಳಸುವ ಆಸೆ ಬೇಡ. ವರ್ಷ ದಾಟಿದ ಬೀಜವೂ ಬೇಡ, ಅದರ ಸತ್ವ ಇಳಿದಿರುತ್ತದೆ.

ಹತ್ತು ಲೀಟರ್ ಕಷಾಯಕ್ಕೆ ಸಿಪ್ಪೆ ಒಡೆದು ತೆಗೆದ ಒಳತಿರುಳು ಅರ್ಧ ಕೆಜಿ ಬೇಕು. ಸಿಪ್ಪೆ ಸಮೇತವಾದರೆ ಸುಮಾರು ಒಂದು ಕೆಜಿ. ಶೇ 5ರ ಕಷಾಯ ಎನ್ನುವುದು ಇದನ್ನೇ.

ಕೆಲಸ ಕೆಡುವುದು ಇನ್ನು ಮುಂದೆ. ಬೀಜದ ಒಳತಿರುಳನ್ನು ತರಿತರಿಯಾಗಿ ಕುಟ್ಟಿ. ನಿಧಾನವಾಗಿ, ಎಣ್ಣೆ ಬಿಡದ ಹಾಗೆ. ಮಿಕ್ಸಿಗೆ ಹಾಕಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಅಂಟಂಟು ಮುದ್ದೆಯಾಗುತ್ತದೆ. ಆ ಮುದ್ದೆಯೊಳಗೆ ನೀರು ಇಳಿಯುವುದೇ ಇಲ್ಲ. ಹಾಗಾಗಿ ನಾನಂತೂ ಒರಳು ಬಿಟ್ಟು ಬೇರೇನೂ ಬಳಸುವುದಿಲ್ಲ.

ಕುಟ್ಟಿದ್ದನ್ನು ತೆಳುವಾದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಬಿಗಿಯಾಗಿ ಕಟ್ಟಿದರೆ ನಡುವಿನ ಪುಡಿ ಒಣಗಿಯೇ ಉಳಿಯುತ್ತದೆ. ಗಂಟನ್ನು ನಾಲ್ಕೈದು ಲೀಟರ್ ತಣ್ಣೀರಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬಿಸಿನೀರು ಬೇಡ, ಒಲೆಯ ಸಹವಾಸವೇ ಬೇಡ. ನಮಗೆ ಬೇಕಾದ ಸತ್ವ ಬಿಸಿಗೆ ಹಾಳಾಗುತ್ತದೆ. ಕುದಿಸಿದ ಮೇಲೆ ಉಳಿಯುವುದು ಕಹಿನೀರು ಮಾತ್ರ. ಕಹಿಯಾಗಿದೆ ಅಂದಮೇಲೆ ಕೆಲಸ ಮಾಡುತ್ತದೆ ಅಂದುಕೊಳ್ಳುತ್ತಾರಲ್ಲ, ಮೋಸ ಹೋಗುವುದು ಅಲ್ಲಿಯೇ.

ಬೆಳಿಗ್ಗೆ ಗಂಟನ್ನು ಅದೇ ನೀರಲ್ಲಿ ಅದ್ದಿ ಹಿಂಡಿ. ಮತ್ತೆ ಅದ್ದಿ, ಮತ್ತೆ ಹಿಂಡಿ. ಒಂದು ಸಲ ಹಿಂಡಿ ಗಂಟು ಎಸೆಯುವವರೇ ಜಾಸ್ತಿ. ಅರ್ಧ ಸತ್ವ ಗಂಟಿನಲ್ಲೇ ಹೋಗುತ್ತದೆ. ಹಿಂಡಿದಾಗ ಹಾಲಿನ ಹಾಗೆ ಬೆಳ್ಳಗೆ ಬರುತ್ತಿರುವಷ್ಟು ಹೊತ್ತು ಬಿಡಬೇಡಿ. ನಾನು ಹದಿನೈದು ನಿಮಿಷವಾದರೂ ಹಿಂಡುತ್ತೇನೆ. ಮೊದಲ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಹೊಸ ನೀರಲ್ಲಿ ಇನ್ನೊಂದು ಸುತ್ತು ಹಿಂಡಿದರೆ ಒಳ್ಳೆಯದು. ಬರುವ ನೀರು ತೆಳ್ಳಗಾದ ಮೇಲೆ ನಿಲ್ಲಿಸಿ. ಎಲ್ಲ ಸೇರಿಸಿ ಎರಡು ಮಡಿಕೆ ಬಟ್ಟೆಯಲ್ಲಿ ಶೋಧಿಸಿ, ನೀರು ಬೆರೆಸಿ ಹತ್ತು ಲೀಟರ್ ಮಾಡಿ. ಶೋಧಿಸುವಾಗ ಸೋಮಾರಿತನ ಮಾಡಿದರೆ ಸ್ಪ್ರೇಯರ್ ನಾಜಲ್ ಕಟ್ಟಿಕೊಂಡು ಹೊತ್ತೆಲ್ಲ ಅದನ್ನು ಬಿಚ್ಚುವುದರಲ್ಲೇ ಕಳೆಯುತ್ತದೆ.

ಸೋಪು ಹಾಕದಿದ್ದರೆ ಹನಿ ಎಲೆ ಮೇಲೆ ನಿಲ್ಲದೆ ಉರುಳಿ ಹೋಗುತ್ತದೆ. ಹತ್ತು ಲೀಟರಿಗೆ 20 ಗ್ರಾಂ ಸಾದಾ ಸೋಪು ಸಾಕು. ಅದನ್ನು ತುರಿದು, ಸ್ವಲ್ಪ ನೀರಲ್ಲಿ ಕರಗಿಸಿ ಬೆರೆಸಿ. ಡಿಟರ್ಜೆಂಟ್ ಪುಡಿ ಬೇಡವೇ ಬೇಡ. ಒಮ್ಮೆ ಅವಸರದಲ್ಲಿ ಅದನ್ನೇ ಒಂದು ಹಿಡಿ ಹಾಕಿ ಸೌತೆ ಬಳ್ಳಿಯ ಎಲೆ ಅಂಚೆಲ್ಲ ಸುಟ್ಟುಕೊಂಡಿದ್ದೇನೆ. ಹುಳದ ಕಾಟವೇ ವಾಸಿ ಅನ್ನಿಸಿತ್ತು! ಸೋಪು ಬೆರೆಸುವುದು ಸಿಂಪಡಿಸುವ ಸ್ವಲ್ಪ ಮುಂಚೆ ಮಾತ್ರ. ಸೋಪು ಕ್ಷಾರ, ಅಜಾಡಿರಾಕ್ಟಿನ್‌ಗೆ ಕ್ಷಾರ ಆಗುವುದಿಲ್ಲ. ನೀರು ಗಡುಸಾಗಿದ್ದರೆ ಸೋಪು ಮೊಸರೊಡೆದಂತಾಗುತ್ತದೆ, ಆಗ ಮಳೆನೀರು ಹುಡುಕಿ.

ಮೊದಲು ಒಂದೆರಡು ಗಿಡಕ್ಕೆ ಸಿಂಪಡಿಸಿ ಒಂದು ದಿನ ಕಾಯಿರಿ. ಹನಿ ಎಲೆಯ ಮೇಲೆ ಹರಡಿಕೊಳ್ಳಬೇಕು, ಎಲೆ ಬಾಡಬಾರದು. ಉಳಿದ ಗಿಡಗಳಿಗೆ ಹೊಸದಾಗಿ ಕಷಾಯ ಮಾಡಿಕೊಳ್ಳಿ. ಮಾಡಿದ್ದು ಅವತ್ತೇ ಖಾಲಿಯಾಗಬೇಕು, ಬಾಟಲಿಯಲ್ಲಿ ತುಂಬಿಡುವ ವಸ್ತು ಅಲ್ಲ ಇದು.

ಸಿಂಪಡಿಸುವುದು ಸಂಜೆಗೇ. ಬಿಸಿಲಿಗೆ ಸತ್ವ ಬೇಗ ಹಾಳಾಗುತ್ತದೆ. ಸಂಜೆಗೆ ಜೇನುಹುಳುಗಳೂ ಹೂವು ಬಿಟ್ಟು ಗೂಡು ಸೇರಿರುತ್ತವೆ. ನಾಜಲ್ಲನ್ನು ಗಿಡದ ಬುಡದಿಂದ ಮೇಲಕ್ಕೆ ತಿರುಗಿಸಿ ಹಿಡಿಯಿರಿ. ಹೇನು, ಬಿಳಿನೊಣ ಕೂರುವುದು ಎಲೆಯ ಅಡಿಗೆ. ಮೇಲಿಂದ ಸುಮ್ನೆ ಸ್ನಾನ ಮಾಡಿಸಿದರೆ ಅವಕ್ಕೆ ತಾಗುವುದಿಲ್ಲ. ಏಳರಿಂದ ಹತ್ತು ದಿನಕ್ಕೆ ಮತ್ತೆ ಹೊಡೆಯಿರಿ, ನಡುವೆ ಮಳೆ ಬಂದರೆ ಇನ್ನೂ ಮುಂಚೆ.

ಇಷ್ಟೆಲ್ಲ ಆಗದು ಅನ್ನುವವರು ಅಂಗಡಿಯ ಬಾಟಲಿ ಕೊಳ್ಳಬಹುದು. ಆದರೆ ಅಜಾಡಿರಾಕ್ಟಿನ್ ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಅಂತ ಲೇಬಲ್ ಮೇಲೆ ಇರಬೇಕು. 300 ಪಿಪಿಎಂನದ್ದೂ ಇದೆ, 10,000 ಪಿಪಿಎಂನದ್ದೂ ಇದೆ. ಎರಡಕ್ಕೂ ಒಂದೇ ಅಳತೆ ಆಗುತ್ತದೆಯೇ? ಅಂಕಿಯೇ ಇಲ್ಲದೆ "ನೂರಕ್ಕೆ ನೂರು ಬೇವು" ಅಂತ ಮಾತ್ರ ಬರೆದಿದ್ದನ್ನು ಮುಟ್ಟಬೇಡಿ. ಹೊಗೆಸೊಪ್ಪಿನ ಕಷಾಯವನ್ನಂತೂ ತರಕಾರಿ ಹತ್ತಿರವೂ ತರಬೇಡಿ. ಗಿಡದಿಂದ ಬಂದರೂ ನಿಕೋಟಿನ್ ವಿಷವೇ, ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಜೊತೆಗೆ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಟೊಮೆಟೊ, ಮೆಣಸಿನ ಗಿಡಕ್ಕೆ ಅಂಟಬಹುದು.

ಗಂಟಿನಲ್ಲಿ ಉಳಿದ ಗಸಿಯನ್ನು ಗಿಡದ ಬುಡದ ಮಣ್ಣಿಗೆ ಬೆರೆಸಿಬಿಡಿ. ಸ್ಪ್ರೇಯರ್ ಅನ್ನು ಅವತ್ತೇ ತೊಳೆಯಿರಿ. ಒಣಗಿದ ಮೇಲೆ ಅಂಟು ಬಿಡಿಸುವುದು ಕಷ್ಟ.