ಹಳೆ ಬಟ್ಟೆಗೆ ಚೊಗರಿನ ಬಣ್ಣ

ನಿಮ್ಮ ಬೀರು ತೆಗೆದು ಒಮ್ಮೆ ನೋಡಿ. ಉಡದೆ ಮೂಲೆ ಸೇರಿದ ಬಟ್ಟೆಗಳಲ್ಲಿ ನಿಜವಾಗಿ ಹರಿದದ್ದು ಎಷ್ಟಿದೆ? ನಮ್ಮನೆಯಲ್ಲಂತೂ ಕಡಿಮೆ. ಬಿಳಿ ಅಂಗಿ ಹಳದಿಯಾಗಿರುತ್ತದೆ, ಕುರ್ತಾದ ಬಣ್ಣ ಹೋಗಿರುತ್ತದೆ, ಎದೆಯ ಮೇಲೆ ಸಾರಿನ ಕಲೆ ಕೂತಿರುತ್ತದೆ. ನೂಲು ಮಾತ್ರ ಇನ್ನೂ ಗಟ್ಟಿ. ಅಂಥ ಬಟ್ಟೆಗೆ ಮತ್ತೆ ಬಣ್ಣ ಹಾಕಿ ಉಡುವುದನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ‘ಪರಿಸರ ಸ್ನೇಹಿ’ ಎಂದು ಚೀಟಿ ಅಂಟಿಸಿದ ಹೊಸ ಅಂಗಿ ಕೊಳ್ಳುವುದಕ್ಕಿಂತ ಇದೇ ವಾಸಿ ಅನ್ನುವುದು ನನ್ನ ಲೆಕ್ಕ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಮಿಶ್ರಿತ ಕಂದು ನೀರೇ ಚೊಗರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೇಯಿಸುತ್ತಾ ಹೋದಂತೆ ಗಟ್ಟಿಯಾಗುತ್ತದೆ. ಅಡಿಕೆ ಅಗಿದರೆ ಬಾಯಿ ಒಗರಾಗುತ್ತದಲ್ಲ, ಅದು ಟ್ಯಾನಿನ್‌ನಿಂದ. ಹತ್ತಿಗೆ ಬಣ್ಣ ಹಿಡಿಯಲು ಸಹಾಯ ಮಾಡುವುದೂ ಅದೇ. ಅಡಿಕೆ ಸುಲಿಯುವವರ ಸೀರೆ, ಲುಂಗಿ ನೋಡಿದರೆ ಸಾಕು, ಆ ಕಲೆ ಯಾವ ಸೋಪಿಗೂ ಜಗ್ಗುವುದಿಲ್ಲ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಇಂಥ ನೈಸರ್ಗಿಕ ಬಣ್ಣಗಳನ್ನೇ ಹಾಕುತ್ತಾರೆ. ನನ್ನದು ಅಷ್ಟು ದೊಡ್ಡ ಕಾರುಬಾರಲ್ಲ. ಬಚ್ಚಲ ಒಲೆ, ಒಂದು ಹಳೆ ಸ್ಟೀಲ್ ಪಾತ್ರೆ, ಒಂದು ಕೋಲು.

ಮೊದಲು ಬಟ್ಟೆ ಯಾವುದು ಎಂದು ತಿಳಿಯಬೇಕು. ಒಳ ಹೊಲಿಗೆಯ ಹತ್ತಿರದ ಬಟ್ಟೆಯಿಂದ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಸುಟ್ಟು ನೋಡುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತೆ ಉಳಿಯುತ್ತದೆ. ಈಗ ಜಗತ್ತಿನಲ್ಲಿ ತಯಾರಾಗುವ ಜವಳಿ ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರ್. ಅದಕ್ಕೆ ಚೊಗರು ಹಿಡಿಯುವುದಿಲ್ಲ. ಕಾರ್ಖಾನೆಯಲ್ಲೂ ಅದಕ್ಕೆ ಬೇರೆಯೇ ಬಣ್ಣ ಬೇಕು, ಸುಮಾರು 130 ಡಿಗ್ರಿ ಬಿಸಿ ಬೇಕು. ಎರಡೂ ಬೆರೆತ ಬಟ್ಟೆಯಾದರೆ ಹತ್ತಿಯ ಪಾಲಿಗಷ್ಟೇ ಬಣ್ಣ ಬಂದು ಒಟ್ಟಾರೆ ಪೇಲವ ಕಾಣುತ್ತದೆ.

ಇಲ್ಲೊಂದು ತಮಾಷೆ ಇದೆ. ನೂರಕ್ಕೆ ನೂರು ಹತ್ತಿ ಎಂದು ಬರೆದಿರುವ ರೆಡಿಮೇಡ್ ಅಂಗಿಯ ಹೊಲಿಗೆ ದಾರ ಬಹಳ ಸಲ ಪಾಲಿಯೆಸ್ಟರ್ ಆಗಿರುತ್ತದೆ. ಬಣ್ಣದಿಂದ ಹೊರಗೆ ತೆಗೆದಾಗ ಅಂಗಿಯೆಲ್ಲ ಕಂದು, ಕಾಲರು, ಜೇಬು, ತೋಳಿನ ಹೊಲಿಗೆ ಮಾತ್ರ ಬೆಳ್ಳಗೆ ಗೆರೆ ಎಳೆದಂತೆ! ನನಗದು ಚೆಂದ ಅನ್ನಿಸುತ್ತದೆ. ಬೇಡ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ.

ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ತೊಳೆಯಬೇಕು. ಹಳೆ ಬಟ್ಟೆಯಲ್ಲಿ ಎಣ್ಣೆ, ಬೆವರು, ಗಂಜಿ ಎಲ್ಲ ಕೂತಿರುತ್ತದೆ. ಈ ಕೆಲಸಕ್ಕೆ ಸೋಮಾರಿತನ ಮಾಡಿದರೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ. ಎಣ್ಣೆಯ ಕಲೆ ಕುದಿಸಿದರೂ ಪೂರ್ತಿ ಹೋಗದಿದ್ದರೆ ಆ ಜಾಗವನ್ನೇ ದಾರದಿಂದ ಬಿಗಿದು ಕಟ್ಟಿ ಬಣ್ಣಕ್ಕೆ ಹಾಕುತ್ತೇನೆ. ಆಗ ಅಲ್ಲೊಂದು ಸುತ್ತು ವಿನ್ಯಾಸ ಬರುತ್ತದೆ, ಕಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ತೆಳು ಚೊಗರಿನಲ್ಲಿ ಒಂದು ರಾತ್ರಿ ನೆನೆ ಹಾಕುವುದು. ಮರುದಿನ ಹಿಂಡಿ ಪಟಿಕದ ನೀರಿಗೆ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಪಟಿಕ. ಒಣ ಬಟ್ಟೆ 1 ಕಿಲೋ ಇದ್ದರೆ 150 ಗ್ರಾಂ ಸಾಕು. ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ ಬಟ್ಟೆ ಅದ್ದಿ ಮತ್ತೊಂದು ರಾತ್ರಿ ಬಿಡುತ್ತೇನೆ. ಕೊನೆಗೆ ಗಟ್ಟಿ ಚೊಗರಿಗೆ ನೀರು ಬೆರೆಸಿ, ಕಿಲೋ ಬಟ್ಟೆಗೆ ಸುಮಾರು 20 ಲೀಟರ್ ಆಗುವಂತೆ ಮಾಡಿ, ಒಂದು ಗಂಟೆ ಬಿಸಿಯಲ್ಲಿಡುವುದು. ಕುದಿ ಬರಬಾರದು, ಕೈ ಬಿಡದೆ ತಿರುವುತ್ತಿರಬೇಕು. ಉರಿ ನಿಲ್ಲಿಸಿ ಅದರಲ್ಲೇ ತಣಿಯಲು ಬಿಟ್ಟರೆ ಬಣ್ಣ ಇನ್ನೂ ಚೆನ್ನಾಗಿ ಇಳಿಯುತ್ತದೆ. ಒಣಗಿಸುವುದು ನೆರಳಲ್ಲಿ.

ಕಪ್ಪು, ಬೂದು ಬೇಕಾದರೆ ಕಬ್ಬಿಣ ಬೇಕು. ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಸೇರಿಸಿ ಎರಡು ಮೂರು ವಾರ ಹುಳಿ ಬರಲು ಬಿಟ್ಟರೆ ಆಯಿತು. ಚೊಗರು ಹಿಡಿದ ಬಟ್ಟೆಯನ್ನು ಆ ನೀರಿಗೆ ಅದ್ದಿದರೆ ಕಂದು ಕಣ್ಣೆದುರೇ ಕಪ್ಪಾಗುತ್ತದೆ. ನೋಡಲು ಖುಷಿ, ಆದರೆ ಜಾಸ್ತಿ ಹೊತ್ತು ಇಡಬಾರದು. ಕಬ್ಬಿಣ ಹೆಚ್ಚಾದರೆ ಹತ್ತಿಯ ನೂಲೇ ಬಡವಾಗುತ್ತದೆ. ಬಟ್ಟೆ ಉಳಿಸಲು ಹೊರಟು ಅದನ್ನೇ ಕೊಲ್ಲುವುದು ಯಾಕೆ, ಅಲ್ವಾ?

ಕೆಲವರು ಬಣ್ಣ ಗಟ್ಟಿ ನಿಲ್ಲಲು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹಾಕಿ ಅನ್ನುತ್ತಾರೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಅದು ಕೈಗೆ ಸಿಗುವಂತೆಯೇ ಇರುತ್ತದೆ. ನಾನು ಹಾಕುವುದಿಲ್ಲ. ಬಟ್ಟೆ ತೊಳೆದ ತಾಮ್ರದ ನೀರು ಹರಿದು ಹಳ್ಳ ಸೇರಿದರೆ ಮೀನಿಗೆ ವಿಷ. ಬಣ್ಣದ ನೀರು ಏನು ಮಾಡುತ್ತದೆ ಎಂಬುದಕ್ಕೆ ತಮಿಳುನಾಡಿನ ತಿರುಪ್ಪೂರಿನ ಕಥೆಯೇ ಇದೆ. ಅಲ್ಲಿನ ನೊಯ್ಯಲ್ ನಮ್ಮ ಕಾವೇರಿಗೆ ಸೇರುವ ನದಿ. ಬನಿಯನ್, ಟೀ ಶರ್ಟುಗಳ ಬಣ್ಣ, ಉಪ್ಪು ಎಲ್ಲ ಸೇರಿ ಒರತ್ತುಪಾಳಯಂ ಅಣೆಕಟ್ಟಿನ ನೀರು ಗದ್ದೆಗೂ ಉಪಯೋಗಕ್ಕೆ ಬಾರದಂತಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು.

ಹಾಗಂತ ನೈಸರ್ಗಿಕ ಬಣ್ಣ ಎಂದ ಕೂಡಲೇ ಎಲ್ಲವೂ ಶುದ್ಧ ಅಂತಲ್ಲ. ಸೌದೆ ಉರಿಯುತ್ತದೆ, ನೀರು ಖರ್ಚಾಗುತ್ತದೆ. ಒಂದೇ ಅಂಗಿಗಾಗಿ ಒಲೆ ಹಚ್ಚುವುದು ದಂಡ. ಬಟ್ಟೆ ಒಟ್ಟಾಗುವವರೆಗೆ ಕಾಯುತ್ತೇನೆ. ಮೊದಲ ಸುತ್ತಿಗೆ ದಪ್ಪ ಬಣ್ಣ, ಉಳಿದ ನೀರಿನಲ್ಲಿ ಎರಡನೇ ಸುತ್ತಿಗೆ ತಿಳಿ ಕಂದು, ಅದೂ ಮುಗಿದ ಮೇಲೆ ಕರವಸ್ತ್ರ, ಒರೆಸುವ ಬಟ್ಟೆ. ಹೊಸ ಹತ್ತಿ ಟೀ ಶರ್ಟ್ ಒಂದಕ್ಕೆ ಹೊಲದಿಂದ ಲೆಕ್ಕ ಹಾಕಿದರೆ ಸುಮಾರು 2,700 ಲೀಟರ್ ನೀರು ಅನ್ನುತ್ತಾರೆ. ಅದರ ಮುಂದೆ ನನ್ನ ಕೆಲವು ಕೊಡಗಳ ಬಗ್ಗೆ ಚಿಂತೆಯಿಲ್ಲ. ಆದರೆ ಬಣ್ಣ ಹಾಕಿದ ಅಂಗಿಯನ್ನು ಮತ್ತೆ ಎರಡು ವರ್ಷವಾದರೂ ತೊಡಬೇಕು. ಸುಮ್ನೆ ಬಣ್ಣ ಹಾಕಿ ಬೀರುವಿಗೇ ಸೇರಿಸಿದರೆ ಸೌದೆಯೂ ನಷ್ಟ.

ಈಗ ಪಕ್ಕದ ಮನೆಯವರೂ ತಂದುಕೊಡುತ್ತಾರೆ. ‘ಅಕ್ಕಾ, ಇದಕ್ಕೂ ಸ್ವಲ್ಪ ಮುಳುಗಿಸಿ ಕೊಡಿ’ ಅಂತ. ದುಡ್ಡು ತೆಗೆದುಕೊಳ್ಳುವುದಿಲ್ಲ, ಪಟಿಕ ಮತ್ತು ಸೌದೆ ಅವರೇ ತರಬೇಕು. ಮದುವೆ ಸೀರೆ ಮಾತ್ರ ಮುಟ್ಟುವುದಿಲ್ಲ ಎಂದು ಬಾಗಿಲಲ್ಲೇ ಹೇಳುತ್ತೇನೆ.