ಚೈನ್ ಸ್ಪ್ರಾಕೆಟ್ ಬದಲಿಸಲು ಯಾವ ಟೂಲ್ ಬೇಕು: ಮೊದಲು ಗಾಡಿ ಅಳೆಯಿರಿ, ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ

ಮನೆಯಲ್ಲೇ ಬೈಕಿನ ಚೈನ್ ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಬದಲಿಸಲು ಹೊರಟವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು, ನೂರೆಂಟು ತುಂಡುಗಳಿರುವ ದೊಡ್ಡ ಟೂಲ್ ಬಾಕ್ಸ್ ಕೊಂಡು ತರುವುದು. ಈ ಕೆಲಸಕ್ಕೆ ಅದರಲ್ಲಿ ಹತ್ತು ತುಂಡು ಬಳಕೆಗೆ ಬಂದರೆ ಹೆಚ್ಚು. ಹಿಂದಿನ ಆಕ್ಸಲ್ ನಟ್‌ಗೋ ಮುಂದಿನ ಸ್ಪ್ರಾಕೆಟ್ ನಟ್‌ಗೋ ಬೇಕಾದ ಆ ಒಂದು ದೊಡ್ಡ ಸಾಕೆಟ್ ಮಾತ್ರ ಬಹಳ ಸಲ ಅದರಲ್ಲಿ ಇರುವುದೇ ಇಲ್ಲ. ಹಾಗಾಗಿ ದುಡ್ಡು ಬಿಚ್ಚುವ ಮುನ್ನ ಗಾಡಿಯ ಪಕ್ಕ ಕುಳಿತು ಅರ್ಧ ಗಂಟೆ ಅಳತೆ ತೆಗೆಯಿರಿ. ಅದಕ್ಕೆ ಒಂದು ವರ್ನಿಯರ್ ಕ್ಯಾಲಿಪರ್, ಒಂದು ಟಾರ್ಚ್, ಗ್ರೀಸ್ ಒರೆಸಲು ಹಳೇ ಬಟ್ಟೆ ಸಾಕು.

ಅಳೆಯಬೇಕಾದ ಜಾಗಗಳು

ಮೊದಲು ಹಿಂದಿನ ಆಕ್ಸಲ್. ನಟ್‌ನ ಎದುರುಬದುರಿನ ಎರಡು ಸಮತಟ್ಟು ಮುಖಗಳ ನಡುವಿನ ಅಗಲವೇ ಸಾಕೆಟ್‌ನ ಸೈಜು. ಮೂಲೆಯಿಂದ ಮೂಲೆಗೆ ಅಳೆದರೆ ತಪ್ಪಾಗುತ್ತದೆ. ಆಕ್ಸಲ್‌ನ ಇನ್ನೊಂದು ತುದಿಯನ್ನೂ ಅಳೆದು ಬರೆದಿಟ್ಟುಕೊಳ್ಳಿ. ಎರಡೂ ಕಡೆ ಬೇರೆ ಬೇರೆ ಸೈಜು ಇರುವುದು ಸಾಮಾನ್ಯ, ಮತ್ತು ಬಿಚ್ಚುವಾಗ ಒಂದು ಕಡೆ ಹಿಡಿದುಕೊಳ್ಳಲು ಸ್ಪ್ಯಾನರ್ ಬೇಕೇ ಬೇಕು.

ಆಮೇಲೆ ಮುಂದಿನ ಸ್ಪ್ರಾಕೆಟ್. ಇದನ್ನು ನೋಡಲು ಎಂಜಿನ್‌ನ ಎಡಬದಿಯ ಕವರ್ ತೆಗೆಯಬೇಕು (ಬಹುತೇಕ ಗಾಡಿಗಳಲ್ಲಿ ಚೈನ್ ಎಡಕ್ಕೇ ಇರುತ್ತದೆ). ಟೂಲ್ ಯಾವುದು ಬೇಕೆಂದು ನಿಜವಾಗಿ ತೀರ್ಮಾನವಾಗುವುದು ಇಲ್ಲಿ. 100 ರಿಂದ 150 ಸಿಸಿಯ ಅನೇಕ ಗಾಡಿಗಳಲ್ಲಿ ಸ್ಪ್ರಾಕೆಟ್ಟನ್ನು ಹಿಡಿದಿಡುವುದು ಒಂದು ತೆಳು ಪ್ಲೇಟು ಮತ್ತು ಎರಡು 6 ಮಿ.ಮೀ. ಬೋಲ್ಟ್. ಅವುಗಳ ತಲೆಗೆ 10ರ ಟಿ-ಸ್ಪ್ಯಾನರ್ ಸಾಕು. ಬೋಲ್ಟ್ ತೆಗೆದು ಪ್ಲೇಟನ್ನು ಶಾಫ್ಟಿನ ತೋಡಿನೊಳಗೆ ಸ್ವಲ್ಪ ತಿರುಗಿಸಿದರೆ ಹಲ್ಲಿಗೆ ಹಲ್ಲು ಕೂಡಿ ಹೊರಗೆ ಜಾರುತ್ತದೆ. ದೊಡ್ಡ ಗಾಡಿಗಳಲ್ಲಿ ಒಂದೇ ದಪ್ಪ ನಟ್ ಇದ್ದು, ಅದರ ಅಡಿಯ ಲಾಕ್ ವಾಷರ್‌ನ ಅಂಚನ್ನು ನಟ್ ಮುಖಕ್ಕೆ ಮಡಚಿರುತ್ತಾರೆ. ಇದಕ್ಕೆ ಆ ನಟ್‌ನ ಅಳತೆಯ ಉದ್ದ ಸಾಕೆಟ್, ಉದ್ದ ಹಿಡಿ, ಅಂಚು ಬಿಡಿಸಲು ಚಪ್ಪಟೆ ಉಳಿ ಬೇಕು. ಕೆಲವು ಗಾಡಿಗಳಲ್ಲಿ ಬರೀ ಸರ್ಕ್ಲಿಪ್ (ಶಾಫ್ಟಿನ ತೋಡಿನಲ್ಲಿ ಕೂರುವ ಸ್ಪ್ರಿಂಗ್ ಬಳೆ) ಇರುತ್ತದೆ. ಅದಕ್ಕೆ ಹೊರಕ್ಕೆ ಅಗಲಿಸುವ ಸರ್ಕ್ಲಿಪ್ ಪ್ಲೈಯರ್ ಬೇಕು, ಸ್ಕ್ರೂಡ್ರೈವರಿಂದ ಮೀಟಿದರೆ ಕ್ಲಿಪ್ ಸಿಡಿದು ಕಣ್ಣಿಗೆ ಬಡಿಯಬಹುದು.

ಹಿಂದಿನ ಸ್ಪ್ರಾಕೆಟ್ ನಟ್‌ಗಳನ್ನು ಎಣಿಸಿ, ಸೈಜು ಬರೆದುಕೊಳ್ಳಿ. ಅಲ್ಲಿಯೂ ಲಾಕ್ ಪ್ಲೇಟ್ ಇದೆಯೇ ನೋಡಿ.

ಕೊನೆಗೆ ಚೈನ್. ಅದರ ಪಕ್ಕದ ಪಟ್ಟಿಯ ಮೇಲೆ ನಂಬರ್ ಅಚ್ಚೊತ್ತಿರುತ್ತದೆ. 428 ಎಂದರೆ ಪಿನ್ನಿಂದ ಪಿನ್ನಿಗೆ 12.7 ಮಿ.ಮೀ.; 520, 525, 530 ಮೂರಕ್ಕೂ 15.875 ಮಿ.ಮೀ., ವ್ಯತ್ಯಾಸ ಇರುವುದು ಅಗಲದಲ್ಲಿ. ಚೈನ್ ಕಟ್ಟರ್ (ಚೈನಿನ ಪಿನ್ ಹೊರತಳ್ಳುವ ಟೂಲ್) ಕೊಳ್ಳುವಾಗ ಈ ನಂಬರ್ ಹೇಳಲೇಬೇಕು, ಏಕೆಂದರೆ ಅದರ ಪಿನ್ನಿನ ದಪ್ಪ ಚೈನ್‌ಗೆ ತಕ್ಕಂತೆ ಬದಲಾಗುತ್ತದೆ. ಜೋಡಣೆ ಹೇಗಿದೆ ಎಂದೂ ನೋಡಿ. ಒಂದು ಲಿಂಕ್ ಮೇಲೆ ಮೀನಿನಾಕಾರದ ಚೈನ್ ಲಾಕ್ ಇದ್ದರೆ ನೋಸ್ ಪ್ಲೈಯರ್ ಒಂದೇ ಸಾಕು. ಲಾಕ್ ಎಲ್ಲೂ ಕಾಣದಿದ್ದರೆ ಅದು ರಿವೆಟ್ ಮಾಡಿದ ಚೈನ್, ಖರ್ಚೂ ಕೆಲಸವೂ ಎರಡೂ ಜಾಸ್ತಿ.

ಅಂದಹಾಗೆ, ಬದಲಿಸುವ ಹೊತ್ತು ನಿಜವಾಗಿ ಬಂದಿದೆಯೇ ಎಂದು ಒಂದು ಉದ್ದನೆಯ ಸ್ಟೀಲ್ ಸ್ಕೇಲ್‌ನಿಂದ ನೋಡಬಹುದು. ಚೈನನ್ನು ಬಿಗಿಯಾಗಿ ಎಳೆದು 21 ಪಿನ್‌ಗಳನ್ನು, ಅಂದರೆ 20 ಲಿಂಕ್‌ಗಳನ್ನು ಅಳೆಯಿರಿ. ಹೊಸ 428 ಚೈನ್‌ನಲ್ಲಿ ಇದು 254 ಮಿ.ಮೀ., 520ರಲ್ಲಿ 317.5 ಮಿ.ಮೀ. ಸುಮಾರು ಶೇ. 2ರಷ್ಟು ಹಿಗ್ಗಿದ್ದರೆ, ಅಂದರೆ 259 ಅಥವಾ 324ರ ಹತ್ತಿರ ಬಂದಿದ್ದರೆ, ಚೈನ್ ಮುಗಿದಿದೆ. ಹಲ್ಲುಗಳು ಕೊಕ್ಕೆಯಂತೆ ಒಂದೇ ಕಡೆಗೆ ಬಾಗಿದ್ದರೆ ಅಳೆಯುವ ಅಗತ್ಯವೂ ಇಲ್ಲ. ಮುಂದಿನ ಸ್ಪ್ರಾಕೆಟ್, ಹಿಂದಿನದು, ಚೈನ್, ಮೂರನ್ನೂ ಒಟ್ಟಿಗೇ ಬದಲಿಸಿ. ಹಿಗ್ಗಿದ ಚೈನ್ ಹೊಸ ಹಲ್ಲಿನ ತುದಿಯ ಮೇಲೆ ಕೂರುತ್ತದೆ, ಹೊಸ ಸ್ಪ್ರಾಕೆಟ್ಟನ್ನು ಬೇಗನೆ ತಿಂದುಹಾಕುತ್ತದೆ.

ಯಾವುದಕ್ಕೆ ದುಡ್ಡು ಹಾಕಬೇಕು

ಸಾಕೆಟ್ ಕೊಳ್ಳುವಾಗ ಒಳಗೆ ಆರು ಮೂಲೆ ಇರುವುದನ್ನೇ ಕೇಳಿ. ಹನ್ನೆರಡು ಮೂಲೆಯದು ನಟ್‌ನ ಮೂಲೆಗಳನ್ನಷ್ಟೇ ಕಚ್ಚುತ್ತದೆ. ನಾಲ್ಕು ಮಳೆಗಾಲ ಕಂಡು ತುಕ್ಕು ಹಿಡಿದ ನಟ್ ಮೇಲೆ ಅದು ಜಾರಿದರೆ ಮೂಲೆ ಸವೆದು ನಟ್ ದುಂಡಗಾಗುತ್ತದೆ, ಆಮೇಲೆ ಉಳಿ ಇಟ್ಟು ಒಡೆಯುವುದೊಂದೇ ದಾರಿ. ಡ್ರೈವ್, ಅಂದರೆ ಹಿಡಿ ಸಿಕ್ಕಿಸುವ ಚೌಕ ತೂತು, ಅರ್ಧ ಇಂಚಿನದಿರಲಿ. ಅಡ್ಜಸ್ಟಬಲ್ ಸ್ಪ್ಯಾನರನ್ನು ಆಕ್ಸಲ್ ನಟ್ ಹತ್ತಿರ ತರಲೇಬೇಡಿ.

ಹಿಡಿಯ ವಿಷಯಕ್ಕೆ ಬಂದರೆ ಉದ್ದವೇ ಬಲ. 25 ಸೆಂ.ಮೀ. ಹಿಡಿಯ ತುದಿಗೆ 20 ಕೆ.ಜಿ. ಭಾರದಷ್ಟು ಒತ್ತಿದರೆ ನಟ್ ಮೇಲೆ ಬೀಳುವುದು ಸುಮಾರು 49 ನ್ಯೂಟನ್ ಮೀಟರ್ (ತಿರುಚುಬಲದ ಅಳತೆ). ಅದೇ ಒತ್ತಡ 60 ಸೆಂ.ಮೀ. ಬಾರ್‌ನ ತುದಿಯಲ್ಲಿ ಸುಮಾರು 118 ಆಗುತ್ತದೆ. ಆದ್ದರಿಂದ ಬಿಚ್ಚಲು ಉದ್ದದ ಬ್ರೇಕರ್ ಬಾರ್ (ಸಾಕೆಟ್ ಸಿಕ್ಕಿಸುವ ಗಟ್ಟಿ ಹಿಡಿ) ಇಟ್ಟುಕೊಳ್ಳಿ. ರ‍್ಯಾಚೆಟ್ ಹಿಡಿಗೆ ಪೈಪ್ ಸಿಕ್ಕಿಸಿ ಎಳೆದರೆ ಅದರ ಒಳಗಿನ ಹಲ್ಲು ಮುರಿಯುತ್ತದೆ.

ಬಿಗಿ ಮಾಡಲು ಟಾರ್ಕ್ ರೆಂಚ್ (ಎಷ್ಟು ಬಲಕ್ಕೆ ಬಿಗಿಯಾಯಿತು ಎಂದು ತಿಳಿಸುವ ಹಿಡಿ) ಬೇಕು. ಒಂದೇ ಕೊಳ್ಳುವುದಾದರೆ 20ರಿಂದ 110 ನ್ಯೂಟನ್ ಮೀಟರ್ ಆಸುಪಾಸಿನದು ಹಿಂದಿನ ಸ್ಪ್ರಾಕೆಟ್, ಮುಂದಿನ ನಟ್, ಆಕ್ಸಲ್, ಮೂರಕ್ಕೂ ಬಹುಮಟ್ಟಿಗೆ ಆಗುತ್ತದೆ. 6 ಮಿ.ಮೀ. ಬೋಲ್ಟ್‌ಗಳಿಗೆ ಮಾತ್ರ ಇದು ಬೇಡ. ಅವು ಸುಮಾರು 10 ನ್ಯೂಟನ್ ಮೀಟರ್‌ಗೆ ಸಾಕೆನ್ನುತ್ತವೆ, ಹೆಚ್ಚಾದರೆ ತುಂಡಾಗಿ ಒಳಗೇ ಉಳಿಯುತ್ತವೆ. ಟಾರ್ಕ್ ರೆಂಚ್‌ನಿಂದ ನಟ್ ಬಿಚ್ಚಬಾರದು, ಕೆಲಸ ಮುಗಿದ ಮೇಲೆ ಅದನ್ನು ಕನಿಷ್ಠ ಅಂಕಿಗೆ ಇಳಿಸಿಡಬೇಕು. ಈಗಲೇ ಕೊಳ್ಳಲಾಗದಿದ್ದರೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಸ್ಪ್ಯಾನರ್‌ಗೆ ಸಿಕ್ಕಿಸಿ ಸ್ಪ್ಯಾನರ್‌ಗೆ 90 ಡಿಗ್ರಿ ಕೋನದಲ್ಲಿ ಎಳೆಯಿರಿ: ನಟ್‌ನ ನಡುವಿನಿಂದ 25 ಸೆಂ.ಮೀ. ದೂರದಲ್ಲಿ 10 ಕೆ.ಜಿ. ತೋರಿಸಿದರೆ ಸುಮಾರು 24.5 ನ್ಯೂಟನ್ ಮೀಟರ್. ಸರಿಯಾದ ಅಂಕಿ ಯಾವುದೆಂದು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ, ಇನ್ನೊಂದು ಗಾಡಿಯ ಅಂಕಿ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ.

ಕವರ್‌ನ ಸ್ಕ್ರೂಗಳು ಪ್ಲಸ್ ತಲೆಯವಾಗಿದ್ದರೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ತನ್ನಿ. ಸಾಮಾನ್ಯ ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದಂತೆ ಮೇಲಕ್ಕೆ ಜಿಗಿದು ತಲೆಯನ್ನು ಕೊರೆದುಬಿಡುತ್ತದೆ. ಇವುಗಳ ಜೊತೆ ಜಂಗು ಬಿಡಿಸುವ ಸ್ಪ್ರೇ, ನೀಲಿ ಬಣ್ಣದ ಮಧ್ಯಮ ಥ್ರೆಡ್ ಲಾಕರ್ (ನಟ್ ಸಡಿಲವಾಗದಂತೆ ಹಿಡಿಯುವ ಅಂಟು, ಲಾಕ್‌ಟೈಟ್ 243ರಂಥದ್ದು), ಗ್ರೀಸ್, ವೈರ್ ಬ್ರಶ್ ಇರಲಿ. ಕೆಂಪು ಥ್ರೆಡ್ ಲಾಕರ್ ಬೇಡ, ಮುಂದಿನ ಸಲ ಬಿಸಿ ಮಾಡದೆ ನಟ್ ಬರುವುದಿಲ್ಲ.

ರಿವೆಟ್ ಚೈನ್ ಇದ್ದವರಿಗೆ ಚೈನ್ ಕಟ್ಟರ್ ಮತ್ತು ರಿವೆಟ್ ಟೂಲ್ ಎರಡೂ ಬೇಕು. ಪಿನ್ನಿನ ಉಬ್ಬಿದ ತಲೆಯನ್ನು ಗ್ರೈಂಡರಿನಿಂದ ಪಟ್ಟಿಯ ಮಟ್ಟಕ್ಕೆ ಉಜ್ಜಿದ ಮೇಲಷ್ಟೇ ಕಟ್ಟರ್ ಹಾಕಿ, ಇಲ್ಲವಾದರೆ ಮುರಿಯುವುದು ಕಟ್ಟರ್‌ನ ಪಿನ್ನು. ಅಗ್ಗದ ಕಟ್ಟರ್‌ಗಳು ಸೋಲುವುದು ಇಲ್ಲಿಯೇ. ವರ್ಷಕ್ಕೊಂದು ಸಲವೂ ಬಳಸದ ಟೂಲ್ ಇದು, ಆದ್ದರಿಂದ ಚೈನ್ ಜೋಡಿಸುವುದನ್ನು ಮಾತ್ರ ಮೆಕ್ಯಾನಿಕ್ ಕೈಗೆ ಬಿಡುವುದರಲ್ಲಿ ತಪ್ಪೇನಿಲ್ಲ.

ಬೆಂಗಳೂರಿನಲ್ಲಿ ಎಲ್ಲಿ

ಟೂಲ್‌ಗಳಿಗೆ ಎಸ್‌ಪಿ ರೋಡ್ ಮತ್ತು ಅದರ ಸುತ್ತಲಿನ ಹಾರ್ಡ್‌ವೇರ್ ಬೀದಿಗಳು. ಮೆಟ್ರೊದಲ್ಲಿ ಚಿಕ್ಕಪೇಟೆ ಸ್ಟೇಷನ್‌ನಲ್ಲಿ ಇಳಿದರೆ ಪಾರ್ಕಿಂಗ್ ತಲೆನೋವಿಲ್ಲ. ಸ್ಪ್ರಾಕೆಟ್ ಕಿಟ್‌ಗೆ ಜೆಸಿ ರೋಡ್ ಅಥವಾ ಕಲಾಸಿಪಾಳ್ಯ. ಸಾಕೆಟ್ ಬಿಡಿಯಾಗಿ ಸಿಗುತ್ತದೆ, ಸೆಟ್ಟೇ ತಗೊಳ್ಳಿ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. ತಪಾರಿಯಾದಂಥ ಗೊತ್ತಿರುವ ಹೆಸರಿನದಾದರೆ ನೆಮ್ಮದಿ. ಕೊಳ್ಳುವಾಗ ಕ್ಯಾಲಿಪರ್ ಜೇಬಿನಲ್ಲಿರಲಿ.

ಕಿಟ್ ಕೇಳುವಾಗ ಮಾಡೆಲ್ ಹೆಸರಿನ ಜೊತೆ ತಯಾರಾದ ವರ್ಷ, ಹೊಗೆ ನಿಯಮದ ಪ್ರಕಾರ ಅದು ಬಿಎಸ್4 ಅಥವಾ ಬಿಎಸ್6, ಎರಡೂ ಸ್ಪ್ರಾಕೆಟ್‌ನ ಹಲ್ಲಿನ ಲೆಕ್ಕ, ಚೈನ್‌ನ ಲಿಂಕ್ ಸಂಖ್ಯೆ ಹೇಳಿ. ಕಂಪನಿಯದಲ್ಲದೆ ರೋಲಾನ್, ಡೈಮಂಡ್ ಕಿಟ್‌ಗಳೂ ಸಿಗುತ್ತವೆ. ಅಂಗಡಿ ಬಿಡುವ ಮುನ್ನ ಡಬ್ಬಿ ತೆರೆಸಿ, ಹಲ್ಲು ಎಣಿಸಿ, ಹಿಂದಿನ ಸ್ಪ್ರಾಕೆಟ್‌ನ ಬೋಲ್ಟ್ ತೂತುಗಳನ್ನು ನೋಡಿ, ಚೈನ್ ಲಾಕ್ ಇದೆಯೇ ಖಾತ್ರಿ ಮಾಡಿಕೊಳ್ಳಿ. ಹೊಸ ಲಾಕ್ ವಾಷರ್‌ಗಳನ್ನೂ ಜೊತೆಗೇ ಕೇಳಿ, ಎರಡನೇ ಸಲ ಮಡಚಿದ ಅಂಚು ಬಿರುಕು ಬಿಡುತ್ತದೆ.

ಬಿಚ್ಚುವ ಕ್ರಮ

ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಆದರೆ ಮೊದಲು ರಟ್ಟು ಹಾಸಿ. ಡೀಸೆಲ್ಲಿನಲ್ಲಿ ತೊಳೆದ ಕೊಳೆಯನ್ನು ಚರಂಡಿಗೆ ಬಿಡಬೇಡಿ, ಬಾಟಲಿಗೆ ತುಂಬಿಡಿ.

ಎಷ್ಟೇ ಒಳ್ಳೆಯ ಟೂಲ್ ಇದ್ದರೂ ಕ್ರಮ ತಪ್ಪಿದರೆ ಕೆಲಸ ನಿಲ್ಲುತ್ತದೆ. ಚೈನ್ ತೆಗೆದ ಮೇಲೆ ಮುಂದಿನ ಸ್ಪ್ರಾಕೆಟ್ ನಟ್ ಬಿಚ್ಚಲು ಹೋದರೆ ಶಾಫ್ಟನ್ನು ಹಿಡಿದಿಡಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಚೈನ್ ಇರುವಾಗಲೇ, ಚಕ್ರ ನೆಲದ ಮೇಲಿರುವಾಗಲೇ, ಗೇರ್ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಬಾರ್ ಎಳೆಯಲಿ. ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟಿರಬೇಕು, ಲಾಕ್ ವಾಷರ್‌ನ ಅಂಚು ಪೂರ್ತಿ ಬಿಡಿಸಿರಬೇಕು. ಸ್ಪ್ರೇ ಬ್ರೇಕ್ ಡಿಸ್ಕ್ ಅಥವಾ ಡ್ರಮ್ ಕಡೆ ಹಾರದಂತೆ ಬಟ್ಟೆ ಅಡ್ಡ ಹಿಡಿಯಿರಿ. ಚಕ್ರದ ಕಡ್ಡಿಗಳ ನಡುವೆ ಕೋಲು ತೂರಿಸಿ ತಡೆಯುವ ಹಳೇ ಉಪಾಯ ಅಲಾಯ್ ಚಕ್ರವನ್ನೂ ಸ್ವಿಂಗ್ ಆರ್ಮನ್ನೂ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಕೆಡಿಸುತ್ತದೆ.

ಇದೇ ಸ್ಥಿತಿಯಲ್ಲಿ ಹಿಂದಿನ ಸ್ಪ್ರಾಕೆಟ್‌ನ ನಟ್‌ಗಳನ್ನೂ ಆಕ್ಸಲ್ ನಟ್ಟನ್ನೂ ಕಾಲು ಸುತ್ತು ಸಡಿಲಿಸಿಕೊಳ್ಳಿ. ಆಮೇಲೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಅಥವಾ ಪ್ಯಾಡಕ್ ಸ್ಟ್ಯಾಂಡಿಗೆ (ಹಿಂದಿನ ಚಕ್ರ ಎತ್ತಿ ಹಿಡಿಯುವ ಬಿಡಿ ಸ್ಟ್ಯಾಂಡ್) ಎತ್ತಿ, ಚೈನ್ ಲಾಕ್ ತೆಗೆದು, ಚಕ್ರ ಹೊರತನ್ನಿ. ಆಕ್ಸಲ್‌ನಲ್ಲಿದ್ದ ಬುಷ್‌ಗಳನ್ನು ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಡಿ. ಚಕ್ರ ಕೈಗೆ ಬಂದಾಗ ಹಬ್‌ನೊಳಗಿನ ರಬ್ಬರ್ ಸವೆದಿದೆಯೇ, ಬೇರಿಂಗ್ ಬೆರಳಲ್ಲಿ ತಿರುಗಿಸಿದಾಗ ಕರಕರ ಅನ್ನುತ್ತಿದೆಯೇ ನೋಡಿಬಿಡಿ.

ಹೊಸ ಸ್ಪ್ರಾಕೆಟ್ ಕೂರುವ ಜಾಗವನ್ನು ವೈರ್ ಬ್ರಶ್‌ನಿಂದ ಉಜ್ಜಿ ಒರೆಸಿ. ಹಿಂದಿನ ನಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಚೈನ್ ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತೆರೆದ ತುದಿ ಮುಂದಿದ್ದರೆ ಏನಾದರೂ ತಗುಲಿ ಲಾಕ್ ಹಾರಿ, ಚೈನ್ ಕಳಚಿ ಚಕ್ರಕ್ಕೆ ಸುತ್ತಿಕೊಳ್ಳಬಹುದು. ಮುಂದಿನ ನಟ್‌ನ ಕೊನೆಯ ಬಿಗಿ ಮತ್ತೆ ಬ್ರೇಕ್ ಒತ್ತಿ ಹಿಡಿದೇ ಆಗಬೇಕು, ಆಮೇಲೆ ವಾಷರ್ ಅಂಚು ಮಡಚಿ.

ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನು ಪೂರ್ತಿ ನಂಬದೆ, ಸ್ವಿಂಗ್ ಆರ್ಮ್ ತಿರುಗುವ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿನವರೆಗೆ ಎರಡೂ ಬದಿ ಟೇಪ್ ಹಿಡಿದು ಸಮ ಮಾಡಿ. ಚೈನ್‌ನ ಸಡಿಲ ಎಷ್ಟಿರಬೇಕೆಂದು ಮ್ಯಾನ್ಯುಯಲ್ ಹೇಳುತ್ತದೆ, ಅನೇಕ ಗಾಡಿಗಳಿಗೆ 20ರಿಂದ 30 ಮಿ.ಮೀ. ಚಕ್ರ ತಿರುಗಿಸಿ ಅತಿ ಬಿಗಿ ಇರುವ ಜಾಗದಲ್ಲಿ ಅಳೆಯಿರಿ. ಹೊಸ ಚೈನ್ ಸದ್ದು ಮಾಡಬಾರದೆಂದು ಅತಿ ಬಿಗಿ ಮಾಡಿದರೆ, ಇಬ್ಬರು ಕೂತು ನಮ್ಮ ಬಡಾವಣೆಯ ಹಂಪ್‌ಗಳನ್ನು ಹತ್ತಿಳಿಯುವಾಗ ಚೈನ್ ತಂತಿಯಂತೆ ಸೆಟೆದು ಗೇರ್‌ಬಾಕ್ಸಿನ ಬೇರಿಂಗ್ ಮತ್ತು ಆಯಿಲ್ ಸೀಲ್ ಮೇಲೆ ಎಳೆತ ಬೀಳುತ್ತದೆ.

ಚೈನ್‌ಗೆ ಎಣ್ಣೆ ಹಾಕುವಾಗ ಎಂಜಿನ್ ಆಫ್ ಇರಲಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಓಡುತ್ತಿರುವಾಗ ಬಟ್ಟೆ ಹಿಡಿದು ಒರೆಸಲು ಹೋದವರ ಬೆರಳು ಸ್ಪ್ರಾಕೆಟ್‌ಗೆ ಸಿಕ್ಕಿದರೆ ಉಳಿಯುವುದಿಲ್ಲ. ಮೊದಲ 200-300 ಕಿ.ಮೀ. ಓಡಿದ ಮೇಲೆ ಅದೇ ಸಾಕೆಟ್, ಅದೇ ಟಾರ್ಕ್ ರೆಂಚ್ ಹಿಡಿದು ಚೈನ್ ಸಡಿಲವನ್ನೂ ಆಕ್ಸಲ್ ನಟ್ಟನ್ನೂ ಮತ್ತೊಮ್ಮೆ ನೋಡಿ.